ಎಡಗೈ ಹಾಸಿದ ನೆಲ

ಬೀದರ
ಭಾನುವಾರ, ೧೧ ಫೆಬ್ರುವರಿ ೧೯೫೧

ಖಾಸಿಂ ಅಲಿ,

ಎಂಟು ವರ್ಷದ ಮೇಲೆ ಮೋಶೆ ಕಾಗದ ಬರೆದನೆಂದು ಹಿಗ್ಗಬೇಡ. ನಿನ್ನನ್ನು ಬೈಯಲಿಕ್ಕೇ ಬರೆಯುತ್ತಿದ್ದೇನೆ. ಎದುರಿಗೆ ಸಿಕ್ಕಿದ್ದರೆ ಕೊಡತಿ ಎಸೆಯುತ್ತಿದ್ದೆ. ನೀನು ಹೆಂಡತಿಯ ಊರು ಔರಾದು ಸೇರಿಕೊಂಡು ಬಚಾವಾದೆ.

ಹಳೆಯ ಸಾಹೇಬರ ಮನೆ ನೆನಪಿದೆಯಲ್ಲ? ೧೯೪೩ರಲ್ಲಿ ಅದರ ಬೈಠಕ್ ಖೋಲಿಗೆ ನಾವಿಬ್ಬರೂ ಸಾಗವಾನಿ ಹಲಗೆಯ ನೆಲ ಹಾಸಿದ್ದೆವು. ಬೀದರಿನಲ್ಲಿ ಅಂಥ ನೆಲ ಇನ್ನೊಂದಿಲ್ಲ, ನನಗೂ ಗೊತ್ತು, ನಿನಗೂ ಗೊತ್ತು. ಸಾಹೇಬರು ಮನೆ ಮಾರಿ ಹೈದರಾಬಾದಿಗೆ ಹೋದರು. ಗಂಜ್ ಪೇಟೆಯ ಬೇಳೆ ವ್ಯಾಪಾರಿ ಮನ್ಮಥಪ್ಪನವರು ಕೊಂಡಿದ್ದಾರೆ. ಅವರ ಸೊಸೆ ವಿಮಲಾಬಾಯಿ ಅಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಸಾಲಿ ತೆಗೆಯುತ್ತಾರಂತೆ! ಬಸವ ಜಯಂತಿಯ ದಿನ ಶುರು. ಹೆಸರು ಕೊಟ್ಟವರು ಈಗಲೇ ಐವತ್ತಮೂರು ಹುಡುಗಿಯರು. ಬೈಠಕ್ ಒಂದೇ ಸಾಲದು. ಅದಕ್ಕೂ ಪೂರ್ವದ ಖೋಲಿಗೂ ನಡುವೆ ಇದ್ದ ಕಟ್ಟಿಗೆಯ ಅಡ್ಡಗೋಡೆ ಕೀಳಿಸಿ ಒಂದೇ ದೊಡ್ಡ ಹಾಲ್ ಮಾಡಬೇಕು, ಬೈಠಕ್ಕಿನ ಹಲಗೆ ನೆಲವನ್ನೇ ಆ ಖೋಲಿಗೂ ಮುಂದುವರಿಸಬೇಕು. ಕೆಲಸ ನನಗೆ ಬಂತು. ಆ ದಿನ ನಾನು ಮನೆಗೆ ನಡೆದು ಬರಲಿಲ್ಲ ಖಾಸಿಂ, ಕುಣಿದುಕೊಂಡು ಬಂದೆ. ಆನಂದಮ್ಮ ನೋಡಿ, "ಏನ್ರಿ, ಹುಚ್ಚು ಹಿಡಿದದೇನು ಈ ವಯಸ್ಸಿನಾಗ?" ಅಂದಳು.

ಮೊನ್ನೆ ಅಡ್ಡಗೋಡೆ ತೆಗೆದೆ. ಕೆಳಗಿನ ಪಟ್ಟಿ ಎಬ್ಬಿಸಿದೆ. ಹಳೆಯ ನೆಲದ ಅಂಚು ಕಂಡಿತು. ನಾಲಗೆ ಇರಬೇಕಾದ ಕಡೆ ಖಾಚು ಬಾಯಿ ತೆರೆದುಕೊಂಡು ಕೂತಿದೆ! ಪ್ರತಿ ಹಲಗೆಗೂ ಒಂದು ಅಂಚಿಗೆ ನಾಲಗೆ, ಇನ್ನೊಂದು ಅಂಚಿಗೆ ಆ ನಾಲಗೆ ಕೂಡುವ ಖಾಚು. ಹಾಸುತ್ತ ಹೋಗುವ ಕಡೆಗೆ ನಾಲಗೆ ಇರಬೇಕು, ಅದರ ಮೇಲೆ ಮೊಳೆ ಹೊಡೆದು ಮುಂದಿನ ಹಲಗೆಯಿಂದ ಮುಚ್ಚಬೇಕು. ಇಷ್ಟು ಗೊತ್ತಿಲ್ಲದ ಬಡಿಗ ಈ ಭೂಮಿಯ ಮೇಲೆ ಇದ್ದಾನೆಯೆ? ನೀನು ಶುರು ಮಾಡಿದ ವಾರ ನಾನು ಆನಂದಮ್ಮನ ಜ್ವರಕ್ಕೆಂದು ಭಾಲ್ಕಿಯಲ್ಲಿದ್ದೆ. ನಾನು ಬರುವಷ್ಟರಲ್ಲಿ ನೀನು ಹಾಸಿ ಮುಗಿಸಿದ್ದೆ. ಏನು ಮಾಡಿಟ್ಟೆ ಮಾರಾಯ?

ನಾನೂ ಸಿಟ್ಟಿನ ಭರದಲ್ಲಿ ಹೊಸ ಹಲಗೆಯನ್ನು ತಿರುಗಿಸಿ ಖಾಚಿಗೆ ತುರುಕಿ ಕೊಡತಿಯಿಂದ ಹೊಡೆದೆ. ಚಟ್ ಅಂತು. ಹಳೆಯ ಹಲಗೆಯ ತುಟಿ ಒಂದು ಗೇಣು ಸೀಳಿತು. ಮನ್ಮಥಪ್ಪನವರು ಹಿಂದೆಯೇ ನಿಂತಿದ್ದರು.

"ಆಯ್ತು ಬಿಡು ಮೇಸ್ತ್ರಿ. ಎಲ್ಲಾ ಕಿತ್ತು ಶಹಾಬಾದಿ ಫರ್ಸಿ ಹಾಕಿಸ್ತೇನಿ. ಕಲ್ಲಿಗಿ ನಾಲಿಗಿ ಇಲ್ಲ, ತಕರಾರೂ ಇಲ್ಲ" ಅಂದರು.

ಸೊಸೆ ಬಾಗಿಲ ಮರೆಯಿಂದ, "ಛಳಿಗಾಲದಾಗ ಹುಡಿಗ್ಯಾರು ಕಲ್ಲಿನ ಮ್ಯಾಲ ಹ್ಯಾಂಗ ಕೂಡ್ತಾರ್ರಿ ಮಾವಾ?" ಅಂದರು. ಅದರಿಂದ ನನಗೆ ಸ್ವಲ್ಪ ದಿನ ಸಿಕ್ಕಿದೆ. ಏಪ್ರಿಲ್ ಇಪ್ಪತ್ತರೊಳಗೆ ಹಳೆಯದಕ್ಕೆ ಹೊಸದು ಗೆರೆ ಕಾಣದಂತೆ ಕೂಡಬೇಕು. ಕೂಡದಿದ್ದರೆ ಕಲ್ಲಿನ ಬಂಡಿ ಬರುತ್ತದೆ, ನಮ್ಮ ನೆಲ ಒಲೆಗೆ ಹೋಗುತ್ತದೆ.

ಏನು ಮಾಡಲಿ ಹೇಳು. ಬಂದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಹಾಜಿರಾಬೀಗೆ ನಮ್ಮಿಬ್ಬರ ಸಲಾಂ. ಮಗ ಬದ್ರೋದ್ದೀನ ಈಗ ನಿನಗಿಂತ ಎತ್ತರ ಆಗಿರಬೇಕು, ಅವನನ್ನೂ ಕರೆದುಕೊಂಡು ಬಾ.

ನಿನ್ನ ಮೇಲೆ ಇನ್ನೂ ಸಿಟ್ಟಿರುವ,
ಮೋಶೆ


ಔರಾದ
೧೯ ಫೆಬ್ರುವರಿ ೧೯೫೧

(ಹೇಳಿದವರು ಖಾಸಿಂ ಅಲಿ. ಅವರ ಬಾಯಿಂದ ಬಂದಂತೆಯೇ ಬರೆದವನು ಇಲ್ಲಿಯ ಸಾಲಿ ಮಾಸ್ತರ ಗೋರಖನಾಥ.)

ಉಸ್ತಾದ ಮೋಶೆ ಮೇಸ್ತ್ರಿ ಸಾಹೇಬರಿಗೆ ಬಡವ ಖಾಸಿಂ ಅಲಿಯ ಸಲಾಂ.

ನಿಮ್ಮಂಥಾ ದೊಡ್ಡವರು ನನ್ನ ಕೇಳ್ತೀರಿ ಅಂದ್ರ ನನಗ ನಗಿ ಬರ್ತದ. ಆ ನೆಲ ಯಾರದು? ಸಾಹೇಬರು ಅವತ್ತ ಎಲ್ಲಾರ ಮುಂದ ಕೇಳಿದ್ರು, "ಮೇಸ್ತ್ರಿ, ಯಾರ ಹಾಸಿದ್ದಿದು?" ಅಂತ. ನೀ ಎದಿ ಉಬ್ಬಿಸಿ "ನಂದೇ ಸಾಹೇಬ್" ಅಂದಿ. ನಾ ನಿನ್ನ ಹಿಂದ ಕಸಬರಿಗಿ ಹಿಡ್ಕೊಂಡು ಹೊಟ್ಟು ಉಡುಗ್ಲಿಕ್ಕತ್ತಿದ್ದೆ. ಏಳು ದಿನ ಮಣಕಾಲ ಮ್ಯಾಲ ಕುಂತು ಹಾಸಿದಾವ ನಾನು. ನೀ ಏನ್ ಮಾಡಿದ್ದಿ? ಎಣ್ಣಿ ಒರಸಿದ್ದಿ.

ಈಗ ಆ ನೆಲ ನಿಂದೇ ಅದ ಅಂದ ಮ್ಯಾಲ ಅದರ ನಾಲಿಗಿ ಎಲ್ಲದ, ಖಾಚ ಎಲ್ಲದ ಅಂತ ನಿನಗೇ ಗೊತ್ತಿರಬೇಕಲ್ಲ ಉಸ್ತಾದ?

ಮೊದ್ಲ ಹೋಗಿ ಮನ್ಮಥಪ್ಪನ ಮುಂದ ಖರೇ ಹೇಳು. ಒಬ್ಬನ ಮುಂದ ಪಿಸಿಪಿಸಿ ಅಂದ್ರ ನಡ್ಯಂಗಿಲ್ಲ. ನಾಕು ಮಂದಿ ಇರ್ಬೇಕು. ಆಮ್ಯಾಲ ಬರಿ, ನೋಡೋಣ.

ಆ ಸೀಳಿದ ಹಲಗಿ ಮುಟ್ಟಬ್ಯಾಡ. ಕೊಡತಿ ಆನಂದಮ್ಮನ ಕೈಯಾಗ ಕೊಟ್ಟು ಬಿಡು, ಆಕಿ ಅಡಗಿಸಿ ಇಡ್ಲಿ.

ಬಸ್ಸು ವಾರಕ್ಕ ಎರಡೇ ಸಲ ಅದ, ನನ್ನ ಮಣಕಾಲು ನೋಯ್ತಾವ, ಬರ್ಲಿಕ್ಕೆ ಆಗಂಗಿಲ್ಲ. ಚಷ್ಮಾ ಒಡದದ, ಅದಕ್ಕ ಮಾಸ್ತರ ಕೈಲಿ ಬರಸ್ಲಿಕ್ಕತ್ತೀನಿ.

ಹೊಟ್ಟು ಉಡುಗಿದವ,
ಖಾಸಿಂ ಅಲಿ


ಬೀದರ
೨೭ ಫೆಬ್ರುವರಿ ೧೯೫೧

ಖಾಸಿಂ,

ಹೇಳಿದೆ! ಹೇಳಿಯೇಬಿಟ್ಟೆ!

ನಾಲ್ಕು ಮಂದಿ ಬೇಕೆಂದೆಯಲ್ಲ, ಅದಕ್ಕೆ ಗಂಜ್ ಪೇಟೆಗೇ ಹೋದೆ. ತೊಗರಿಯ ಸುಗ್ಗಿ. ಮನ್ಮಥಪ್ಪನವರ ಅಂಗಡಿ ಮುಂದೆ ಹಮಾಲರು, ರೈತರು, ದಲಾಲರು ಎಲ್ಲ ಸೇರಿ ಮೂವತ್ತು ಮಂದಿಗೆ ಕಮ್ಮಿಯಿಲ್ಲ. ತಕ್ಕಡಿಗೆ ಚೀಲ ಏರಿಸಿದ್ದರು. ನಾನು ನಡುವೆ ನಿಂತು, "ಶೇಠರೇ, ನಿಮ್ಮ ಬೈಠಕ್ಕಿನ ನೆಲ ನಾ ಹಾಸಿದ್ದಲ್ಲರಿ. ಖಾಸಿಂ ಅಲಿ ಹಾಸಿದ್ದು. ನಾ ಸುಳ್ಳು ಹೇಳಿದ್ದೆ" ಎಂದು ಕೂಗಿದೆ. ತೂಕ ನಿಂತಿತು. ಎಲ್ಲರೂ ನನ್ನನ್ನೇ ನೋಡಿದರು.

ಮನ್ಮಥಪ್ಪನವರು ತಲೆ ಕೆರೆದುಕೊಂಡು, "ಆ ಮನಿ ಆವಾಗ ನಂದಾಗಿದ್ದಿಲ್ಲಲ್ಲೋ ಮೇಸ್ತ್ರಿ. ನನಗ್ಯಾಕ ಹೇಳ್ತಿ?" ಅಂದರು. ಒಬ್ಬ ಹಮಾಲ, "ಮುದುಕಗ ಬಿಸಲ ಬಡದದ, ನೀರ ಕೊಡ್ರೋ" ಅಂದ. ನೀರು ಕೊಟ್ಟರು. ಕುಡಿದು ಬಂದೆ.

ನೀನು ನಗುತ್ತಿರುವೆ ಎಂದು ಗೊತ್ತು. ನಗು. ಆದರೆ ಒಂದು ಮಾತು. ದಾರಿಯುದ್ದಕ್ಕೂ ನನ್ನ ಮೈ ಹಗುರಾಗಿತ್ತು. ಮನೆಯಲ್ಲಿ ಹೇಳಿದರೆ ಆನಂದಮ್ಮ, "ಎಂಟು ವರ್ಷ ಆಯ್ತು, ಆ ಮಾತು ನಿಮ್ಮ ಗಂಟಲಾಗ ಸಿಕ್ಕೊಂಡಿತ್ತು. ಊಟಕ್ಕ ಕುಂತಾಗೆಲ್ಲ ನಾ ನೋಡ್ತಿದ್ದೆ" ಅಂದಳು. ತಪ್ಪು ನನ್ನದೇ ಖಾಸಿಂ. ಹೊಗಳಿಕೆ ಎದುರಿಗೆ ಬಂದು ನಿಂತಾಗ ಬಾಯಿ ತಾನೇ ತೆರೆಯಿತು. ಮಾಫ್ ಮಾಡು.

ಈಗ ಹೇಳು, ಅದ್ಯಾಕೆ ಖಾಚು ಪೂರ್ವಕ್ಕೆ? ಬೇಗ ಬರಿ. ವಿಮಲಾಬಾಯಿ ದಿನಾ ಬಂದು ಅಳತೆ ನೋಡಿ ಹೋಗುತ್ತಾರೆ, ಎಷ್ಟು ಸಾಲು ಕೂಡಬಹುದೆಂದು ಬೆರಳು ಮಡಿಚಿ ಎಣಿಸುತ್ತಾರೆ. ಕರಿಹಲಗೆ ಈಗಾಗಲೇ ತಂದಿಟ್ಟಿದ್ದಾರೆ. ಅದರ ಮೇಲೆ 'ಅ' ಬರೆದು ಎರಡು ಹೆಜ್ಜೆ ಹಿಂದೆ ನಿಂತು ನೋಡುತ್ತಿದ್ದರು. ಆ ಮುಖ ನೋಡಿದ ಮೇಲೆ ಅಲ್ಲಿ ಫರ್ಸಿ ಬೀಳಲು ನಾನು ಬಿಡುವುದಿಲ್ಲ.

ಬದ್ರೋದ್ದೀನನ ಸುದ್ದಿ ಬರೆಯಲಿಲ್ಲ ನೀನು. ಮದುವೆ ಮಾಡಿದೆಯಾ? ನನ್ನನ್ನು ಕರೆಯದೆ?

ಮೂವತ್ತು ಮಂದಿಯ ಮುಂದೆ ನೀರು ಕುಡಿದ,
ಮೋಶೆ


ಔರಾದ
೮ ಮಾರ್ಚ್ ೧೯೫೧

ಮೋಶೆ,

ಮಾಸ್ತರ ಓದಿ ಹೇಳುವಾಗ ನಕ್ಕು ನಕ್ಕು ಅವರಿಗೇ ಕೆಮ್ಮು ಹತ್ತಿತು. ನಾ ನಗಲಿಲ್ಲ. ಸ್ವಲ್ಪ ನಕ್ಕೆ.

ಮಾಫ್ ಮಾಡೀನಿ. ಈಗ ಕಿವಿಗೊಟ್ಟು ಕೇಳು.

ನಾ ಎಡಚ ಅಂತ ಮರ್ತು ಬಿಟ್ಟೇನು? ಇಪ್ಪತ್ತು ವರ್ಷ ಒಂದೇ ಕಟ್ಟಿಗಿಗಿ ನೀ ಆ ಕಡಿಂದ, ನಾ ಈ ಕಡಿಂದ ರಂದಾ ಹೊಡದು ನುಣ್ಣಗ ಮಾಡೀವಿ. ಎಡಗೈಲೆ ಸುತ್ತಿಗಿ ಬೀಸಾವಗ ಪೂರ್ವದ ಗೋಡಿ ಹಿಡದು ಪಶ್ಚಿಮಕ್ಕ ಹೋಗೋದು ಸಲೀಸು. ಅದಕ್ಕ ಅಲ್ಲಿಂದ ಶುರು ಮಾಡ್ದೆ. ಹಿಂಗಾಗಿ ನಾಲಿಗಿ ಎಲ್ಲಾ ಪಶ್ಚಿಮಕ್ಕ ಅವ, ಖಾಚ ಪೂರ್ವಕ್ಕ ಉಳೀತು. ಮುಂದೊಂದಿನ ಪೂರ್ವಕ್ಕ ನೆಲ ಬೆಳಸ್ತಾರಂತ ನನಗೇನು ಕನಸು ಬಿದ್ದಿತ್ತಾ?

ಇದಕ್ಕ ಔಷಧ ಅದ. ಹೊಸ ಹಲಗಿ ತಿರುಗಿಸಿ ತುರುಕಬಾರ್ದು, ಹಂಗ ಮಾಡಿದ್ರ ಮೊಳಿ ಹೊಡೀಲಿಕ್ಕೆ ಜಾಗಾನೇ ಉಳ್ಯಂಗಿಲ್ಲ. ಒಂದು ಸಣ್ಣ ಪಟ್ಟಿ ಮಾಡು, ಎರಡು ನಾಲಿಗಿ ಬೆನ್ನಿಗಿ ಬೆನ್ನು ಹಚ್ಚಿದಷ್ಟು ಅಗಲ. ಅರ್ಧ ಹಳೆ ಖಾಚಿನಾಗ ಸರೇಸಿನ ಅಂಟು ಹಚ್ಚಿ ಕೂಡಸು, ಅರ್ಧ ಹೊರಗ ಉಳೀತದ. ಈಗ ಆ ಅಂಚಿಗಿ ನಾಲಿಗಿ ಬಂತೋ ಇಲ್ಲೋ? ಬಂತು. ಅದರ ಮ್ಯಾಲ ಮೊಳಿ ಹೊಡಿ, ಹೊಸ ಹಲಗಿ ಖಾಚ ಅದಕ್ಕ ಕೂಡಸು, ಪೂರ್ವಕ್ಕ ನಡಿ. ಆದ್ರ ಇದು ಕಡೀ ಮಾತು. ಈಗೇ ಮಾಡಬ್ಯಾಡ.

ಮೊದ್ಲ ಸೀಳಿದ ಹಲಗಿ. ಅಂಚಿನಿಂದ ಎಬ್ಬಸ್ಲಿಕ್ಕೆ ಹೋದ್ರ ಪಕ್ಕದ್ದೂ ಹೋಗ್ತದ. ನಟ್ಟನಡು ಉದ್ದಕ್ಕ ಗರಗಸ ಹಾಕಿ ಎರಡು ಸೀಳು ಮಾಡು, ಉಳಿಲೆ ಒಳಗಿಂದ ತೆಗಿ. ಪುಟಾಣಿ ತಿಂದಂಗ ಸಾವಕಾಶ.

ಹೊಸ ಕಟ್ಟಿಗಿ ಎಸಿ ಆಚಿಗಿ. ಎಂಟು ವರ್ಷದ ನೆಲಕ್ಕ ಹಸೀ ಸಾಗವಾನಿ ಕೂಡಿಸಿದ್ರ ಮಳಿಗಾಲದಾಗ ಉಬ್ಬತದ, ಬ್ಯಾಸಗ್ಯಾಗ ಬಾಯಿ ಬಿಡತದ. ಭಾಲ್ಕಿಗಿ ಹೋಗು. ಅಲ್ಲಿ ಹಳೇ ವಾಡೆ ಒಡದ ತೊಲಿ ಮಾರ್ತಾರ. ನೂರು ವರ್ಷ ಒಣಗಿದ ತೊಲಿ ತಂದು ಕೊಯ್ಸು. ಕೊಯ್ದ ಹಲಗಿ ಹದಿನೈದು ದಿನ ಮಾಳಗಿ ಮ್ಯಾಲ ಬಿಸಲಿಗಿ ಇಡು, ದಿನಾ ಹೊಳ್ಳಿಸು. ಬಣ್ಣ ತಾನೇ ಕೂಡತದ.

ತೊಲಿ ಆರಸುವಾಗ ಉಗುರಲೆ ಬಡದು ಕೇಳು. ನಿನಗ ಕಿವಿ ಇಲ್ಲ, ಆದ್ರೂ ಕೇಳು.

ಖಾಸಿಂ ಅಲಿ


ಬೀದರ
೨೧ ಮಾರ್ಚ್ ೧೯೫೧

ಖಾಸಿಂ, ನನ್ನ ದೋಸ್ತಾ!

ಸೀಳಿದ ಹಲಗೆ ಹೊರಗೆ ಬಂತು! ಪಕ್ಕದ ಎರಡು ಹಲಗೆಗೂ ಒಂದು ಗೀರು ಬೀಳಲಿಲ್ಲ. ನೀನು ಹೇಳಿದಂತೆ ನಡುವೆ ಗರಗಸ ಹಾಕಿ, ಅಂಗಾತ ಮಲಗಿ, ಕಣ್ಣಿಗೆ ಹೊಟ್ಟು ಬೀಳಿಸಿಕೊಂಡು ಎರಡು ದಿನ ಕೆತ್ತಿದೆ. ಅದರ ಅಡಿಯಲ್ಲಿ ನಿನ್ನ ಮೊಳೆಗಳನ್ನು ನೋಡಿದೆ. ಒಂದೊಂದೂ ಒಂದೇ ಓರೆ, ಒಂದೇ ಅಂತರ. ಇದನ್ನು ನಾನೇ ಮಾಡಿದ್ದು ಎಂದು ಯಾವ ಬಾಯಿಂದ ಹೇಳಿದೆನೋ! ಕೂತಲ್ಲೇ ನಾಚಿಕೆಯಾಯಿತು, ಆಮೇಲೆ ನಗು ಬಂತು, ಆಮೇಲೆ ವಿಮಲಾಬಾಯಿಯನ್ನು ಕರೆದು ತೋರಿಸಿದೆ. "ಮೊಳಿ ನೋಡಿ ಯಾರಾದ್ರೂ ಕುಣೀತಾರೇನ್ರಿ ಮೇಸ್ತ್ರಿ?" ಅಂದರು. ನಾನು ಕುಣಿಯುತ್ತೇನೆ ಅಂದೆ.

ಭಾಲ್ಕಿಗೆ ಹೋಗಿ ಬಂದೆ. ಎಂಥ ತೊಲೆಗಳು ಮಾರಾಯ! ಹಳೆಯ ವಾಡೆಯೊಂದನ್ನು ಒಡೆದಿದ್ದಾರೆ. ಹೊರಗೆ ಹೊಗೆ ಹಿಡಿದು ಕಪ್ಪು, ಬಾಚಿಯ ಒಂದೇಟಿಗೆ ಒಳಗೆ ಬೆಲ್ಲದ ಬಣ್ಣ. ಉಗುರಿನಿಂದ ಬಡಿದು ಕೇಳಿದೆ. ನನಗೂ ಕಿವಿಯಿದೆ ಎಂದು ತಿಳಿದುಕೋ. ಏಳು ತೊಲೆ ಆರಿಸಿ ರೈಲಿಗೆ ಹಾಕಿಸಿ ತಂದೆ. ಕೊಯ್ಯುವಾಗ ಆ ವಾಸನೆ ಓಣಿಯೆಲ್ಲ ಹರಡಿತು. ಈಗ ನಲವತ್ತೆರಡು ಹಲಗೆ ಮನ್ಮಥಪ್ಪನವರ ಮಾಳಿಗೆಯ ಮೇಲೆ ಸಾಲಾಗಿ ಮಲಗಿವೆ. ದಿನಾ ಮಧ್ಯಾಹ್ನ ಹೋಗಿ ಹೊರಳಿಸುತ್ತೇನೆ. ಕಾಲು ಸುಡುತ್ತದೆ. ಶೇಠರು, "ಹಪ್ಪಳಾ ಒಣಗಸ್ಲಿಕ್ಕೆ ನಿನಗೆ ಕೆಲಸ ಕೊಟ್ಟೇನೇನು?" ಎಂದು ಗೊಣಗುತ್ತಾರೆ. ಫರ್ಸಿಯವನಿಗೆ ಮಾತು ಕೊಟ್ಟಾಗಿದೆಯಂತೆ, ಏಪ್ರಿಲ್ ಇಪ್ಪತ್ತು ದಾಟಿದರೆ ತಡೆಯುವವರಿಲ್ಲ.

ಪೂರ್ವದ ಖೋಲಿಯ ಅಡಿಗೆ ದಿಮ್ಮಿಗಳನ್ನು ಕೂಡಿಸಿ, ದಾರ ಹಿಡಿದು ಮಟ್ಟ ನೋಡಿದ್ದೇನೆ. ಇನ್ನು ಉಳಿದದ್ದು ಕೂಡಿಸುವುದೊಂದೇ.

ಒಂದು ವಿಷಯ. ಭಾಲ್ಕಿಯ ಕಟ್ಟಿಗೆ ಅಡ್ಡೆಯಲ್ಲಿ ನಿನ್ನ ಹೆಸರು ಹೇಳಿದೆ. ಅಡ್ಡೆಯವನಿಗೆ ಖುಷಿಯಾಯಿತು. "ಅವರ ಮಗ ಬದ್ರೋದ್ದೀನ ನಿಮ್ಮಲ್ಲೇ ಕಟ್ಟಿಗಿ ಒಯ್ಯತಿರಬೇಕಲ್ಲ, ಈಗೂ ಬರ್ತಾನೇನು?" ಎಂದು ಕೇಳಿದೆ. ಅವನು ತೊಲೆ ಎಣಿಸುವುದನ್ನು ಅರ್ಧಕ್ಕೇ ಬಿಟ್ಟ. ಒಳಗೆ ಹೋದ. ತುಸು ಹೊತ್ತಿನ ಮೇಲೆ ಬೇರೆ ಆಳು ಬಂದು ತೊಲೆ ಎತ್ತಿಸಿದ.

ಮೂರನೆಯ ಸಲ ಕೇಳುತ್ತಿದ್ದೇನೆ ಖಾಸಿಂ. ಬದ್ರೋದ್ದೀನ ಹೇಗಿದ್ದಾನೆ?

ನಿನ್ನ,
ಮೋಶೆ


ಔರಾದ
೨ ಏಪ್ರಿಲ್ ೧೯೫೧

ಮೋಶೆ,

ಹಲಗಿ ಬಿಸಲಿಗಿ ಸಾಕು. ಇನ್ನೂ ಇಟ್ರ ಡೊಂಕಾಗ್ತಾವ, ಒಳಗ ತಂದು ಹಾಕು.

ಕೂಡಸೋ ಪಟ್ಟಿ ಹಳೇ ತೊಲಿಯಾಗೇ ಮಾಡು. ಬಿಗಿ ಎಷ್ಟಿರಬೇಕಂದ್ರ ಕೈಲೆ ಒತ್ತಿದ್ರ ಅರ್ಧ ಹೋಗಬೇಕು, ಉಳಿದರ್ಧ ಸಣ್ಣ ಪೆಟ್ಟಿಗಿ ಹೋಗಬೇಕು. ಸರೇಸು ನೀರಾಗಿ ಕುದಸು, ಗಂಜಿ ಹಂಗ ದಪ್ಪ ಮಾಡಬ್ಯಾಡ. ಹೊಸ ಹಲಗಿ ಹಳೇದಕ್ಕಿಂತ ಕೂದಲೆಳಿ ಎತ್ತರ ಇಡು, ಆಮ್ಯಾಲ ರಂದಾ ಹೊಡದು ಒಂದು ಮಾಡು. ತೆಗ್ಗಿದ್ರ ಏನೂ ಮಾಡ್ಲಿಕ್ಕೆ ಬರಂಗಿಲ್ಲ.

ಮುಗದ ಮ್ಯಾಲ ಪರೀಕ್ಷಾ ಗೊತ್ತಲ್ಲ. ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಹಳೇದರಿಂದ ಹೊಸದಕ್ಕ ನಡೀಬೇಕು. ಹಲಗಿ ಕೂಡಿದ ಜೋಡು ಅಂಗಾಲಿಗಿ ಸಿಕ್ರ ಕೆಲಸ ಕೆಟ್ಟಂಗ. ನೀ ನಡೀಬ್ಯಾಡ, ನಿನ್ನ ಕಾಲು ನಿನ್ನ ಬಾಯಿ ಹಂಗೇ, ಸುಳ್ಳು ಹೇಳತದ. ಬ್ಯಾರೆ ಯಾರನ್ನರೆ ನಡಸು.

ಬರಾದು ಆಗಂಗಿಲ್ಲ. ಮತ್ತ ಕೇಳಬ್ಯಾಡ.

ಖಾಸಿಂ ಅಲಿ

ಮೋಶೆ ಮೇಸ್ತ್ರಿಗಳಿಗೆ ಗೋರಖನಾಥನ ನಮಸ್ಕಾರಗಳು. ಇದು ಅವರು ಹೇಳಿದ್ದಲ್ಲ, ನಾನೇ ಬರೆಯುತ್ತಿರುವುದು. ನಿಮ್ಮ ಕಾಗದ ಓದುವಾಗ ಬದ್ರೋದ್ದೀನನ ಹೆಸರು ಬಂದರೆ ಇವರು "ಮುಂದ ಓದ್ರಿ ಮಾಸ್ತರ" ಎನ್ನುತ್ತಾರೆ. ಮೂರು ಸಲವೂ ಹಾಗೆಯೇ. ನಿಮಗೆ ಗೊತ್ತಿಲ್ಲವೆಂದು ಈಗ ನನಗೆ ಖಾತ್ರಿಯಾಯಿತು. ೪೮ರ ಸೆಪ್ಟೆಂಬರಿನಲ್ಲಿ ಪೋಲೀಸ್ ಆ್ಯಕ್ಷನ್ ಆಗಿ ನಿಜಾಮರ ಸರ್ಕಾರ ಬಿದ್ದ ಮರುವಾರ ಬದ್ರೋದ್ದೀನ ಕಟ್ಟಿಗೆ ತರಲು ಭಾಲ್ಕಿಗೆ ಹೋಗಿದ್ದ. ತಿರುಗಿ ಬರಲಿಲ್ಲ. ಮೂರನೆಯ ದಿನ ಅವನನ್ನು ಮಣ್ಣು ಮಾಡಿದವರೊಬ್ಬರು ಬಂದು ಹೇಳಿದರು. ಅದಕ್ಕೂ ಮುಂಚೆ ಇವರು ಹುಡುಕಿಕೊಂಡು ಹೊರಟಿದ್ದರು, ಮುಸಲ್ಮಾನರನ್ನು ಹುಡುಕಿ ಹೊಡೆಯುತ್ತಿದ್ದ ಗುಂಪೊಂದು ದಾರಿಯಲ್ಲಿ ಅಡ್ಡಹಾಕಿತು. ಎಡಗೈಯ ಮೂರು ಬೆರಳು ಹೋದವು. ಚಷ್ಮಾ ಒಡೆದದ್ದು ಸುಳ್ಳು.

ಅಂದಿನಿಂದ ಇವರು ಹತಾರ ಮುಟ್ಟಿಲ್ಲ, ಹೆಚ್ಚು ಮಾತೂ ಆಡಿಲ್ಲ. ನಿಮ್ಮ ಮೊದಲ ಕಾಗದ ಓದಿದ ದಿನ ಎದ್ದು ನಿಂತು ನಿಮ್ಮನ್ನು ಬೈದರು. ನನ್ನ ಮೇಜಿನ ಅಂಚನ್ನೇ ಹಲಗೆ ಮಾಡಿಕೊಂಡು ನಾಲಗೆ ಇಲ್ಲಿ, ಖಾಚು ಇಲ್ಲಿ ಎಂದು ತೋರಿಸಿದರು. ಹಾಜಿರಾಬೀಯವರು ನನ್ನನ್ನು ಬಾಗಿಲಿಗೆ ಕರೆದು ಹೇಳಿದ್ದು ಇಷ್ಟು: "ಎರಡೂವರಿ ವರ್ಷದ ಮ್ಯಾಲ ಈ ಮನಿಯಾಗ ಬೈಗುಳ ಕೇಳಸ್ಲಿಕ್ಕತ್ತಾವ್ರಿ ಮಾಸ್ತರ. ಬಂದ್ ಆಗಬಾರ್ದು ನೋಡ್ರಿ."

ಗೋರಖನಾಥ


ಬೀದರ
೯ ಏಪ್ರಿಲ್ ೧೯೫೧

ಖಾಸಿಂ,

ಮಾಸ್ತರರನ್ನು ಬೈಯಬೇಡ. ಅವರು ಬರೆದದ್ದು ಒಳ್ಳೆಯದೇ ಆಯಿತು. ಮಾಸ್ತರರೇ, ಇದನ್ನು ಪೂರ್ತಿ ಓದಿರಿ, ಅವನು ಮುಂದೆ ಓದು ಅಂದರೂ ಬಿಡಬೇಡಿರಿ.

ಬದ್ರೋದ್ದೀನನನ್ನು ನಾನು ಹೆಗಲ ಮೇಲೆ ಕೂರಿಸಿಕೊಂಡು ಕೋಟೆ ತೋರಿಸಿದವನು. ಕಾಗದ ಓದಿದ ಮೇಲೆ ಆನಂದಮ್ಮನೂ ನಾನೂ ಅಂದು ಊಟ ಮಾಡಲಿಲ್ಲ. ಅವಳು ಅತ್ತಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಅತ್ತೆ. ಓಣಿಯವರು ನೋಡಿದರು, ನೋಡಲಿ.

ಇನ್ನೊಂದು ಖರೆ ಹೇಳಬೇಕು. ಇದನ್ನು ಗಂಜಿನಲ್ಲಿ ಕೂಗಲಿಕ್ಕೆ ಬರುವುದಿಲ್ಲ. ಆ ಸೆಪ್ಟೆಂಬರಿನಲ್ಲಿ ಔರಾದಿನ ಕಡೆಯಿಂದ, ಭಾಲ್ಕಿಯ ಕಡೆಯಿಂದ ಬರುತ್ತಿದ್ದ ಸುದ್ದಿಗಳನ್ನು ನಾನು ಕೇಳಿದ್ದೆ. ಎರಡು ಸಲ ಬಸ್ಸಿನ ತನಕ ಹೋಗಿ ತಿರುಗಿ ಬಂದೆ. ಮನಸ್ತಾಪ ಇದೆಯಲ್ಲ, ಅವನೇ ಬರೆಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ಮನಸ್ತಾಪ ನೆವ. ವಿಚಾರಿಸಿದರೆ ಏನು ಉತ್ತರ ಬರುತ್ತದೋ ಎಂಬ ಹೆದರಿಕೆ. ಎರಡೂವರೆ ವರ್ಷ ಹೆದರಿದೆ. ಕೊನೆಗೆ ಹಲಗೆಯ ನೆವ ಸಿಕ್ಕಾಗ ಬರೆದೆ. ನೀನು ಮಾಫ್ ಮಾಡುವುದೂ ಬೇಡ, ಬಿಡುವುದೂ ಬೇಡ. ಗೊತ್ತಿರಲಿ ಎಂದು ಹೇಳಿದೆ.

ಈಗ ಕೆಲಸದ ಮಾತು. ಪಟ್ಟಿ ಮಾಡಿಟ್ಟಿದ್ದೇನೆ, ಕೈಯಿಂದ ಒತ್ತಿದರೆ ಅರ್ಧ ಹೋಗುತ್ತದೆ. ಸರೇಸು ತಂದಿದ್ದೇನೆ. ಹಲಗೆಗಳು ಒಳಗೆ ಬಂದಿವೆ. ಆದರೆ ನಾನು ಕೂಡಿಸುವುದಿಲ್ಲ. ಇಪ್ಪತ್ತನೆಯ ತಾರೀಖು ಬರಲಿ, ಫರ್ಸಿಯ ಬಂಡಿ ಬರಲಿ, ಮನ್ಮಥಪ್ಪನವರು ನೆಲ ಕಿತ್ತು ಒಲೆಗೆ ಹಾಕಲಿ. ನೀನು ಎದುರಿಗೆ ಇಲ್ಲದೆ ಆ ಪಟ್ಟಿ ಖಾಚಿಗೆ ಹೋಗುವುದಿಲ್ಲ.

ಕೈ ಇಲ್ಲವೆಂದು ಬರುವುದಿಲ್ಲ ಎನ್ನುತ್ತೀಯ? ನಿನ್ನ ಕೈ ಯಾರಿಗೆ ಬೇಕು? ನನಗೆ ಎರಡಿವೆ. ನಿನ್ನ ಅಂಗಾಲು ಬೇಕು. ಬಂದು ನಡಿ.

ಮೋಶೆ


ಔರಾದ
೧೬ ಏಪ್ರಿಲ್ ೧೯೫೧

ಅರೆ ಗಧಾ,

ನಿನ್ನ ತಲಿ ಕೆಟ್ಟದೇನು? ಪಟ್ಟಿ ಕೂಡಿದ ಮ್ಯಾಲ ನಲವತ್ತೆರಡು ಹಲಗಿ ಹಾಸಬೇಕು, ರಂದಾ ಹೊಡೀಬೇಕು, ಅಗಸಿ ಎಣ್ಣಿ ಮೂರು ಸಲ ಕುಡಸಬೇಕು. ಬಸವ ಜಯಂತಿಗಿ ಎಷ್ಟು ದಿನ ಉಳದಾವ ಎಣಿಸೀ? ಹುಡಿಗ್ಯಾರು ಏನು ನಿನ್ನ ತಲಿ ಮ್ಯಾಲ ಕೂಡ್ತಾರ?

ಗುರುವಾರದ ಬಸ್ಸಿಗಿ ಬರ್ತೇನಿ. ಶನಿವಾರ ಹೊಳ್ಳಿ ಹೋಗ್ತೇನಿ. ಹತಾರ ಮುಟ್ಟಂಗಿಲ್ಲ. ಒಂದು ಕುರ್ಚಿ ಹಾಕಸು, ಕುಂತು ಬೈತೇನಿ.

ಉಳಿದ ಮಾತಿಗಿ ಉತ್ತರ ಮಾಸ್ತರ ಕೈಲಿ ಬರಸಾದಲ್ಲ.

ಖಾಸಿಂ ಅಲಿ


ಬೀದರ
ಭಾನುವಾರ, ೧೩ ಮೇ ೧೯೫೧

(ಹೇಳುವವರು ಖಾಸಿಂ ಅಲಿ. ಬರೆಯುವವನು ಮೋಶೆ.)

ಗೋರಖನಾಥ ಮಾಸ್ತರಿಗೆ ಸಲಾಂ. ಇದನ್ನ ಹಾಜಿರಾಬೀಗಿ ಓದಿ ಹೇಳ್ರಿ.

ಶನಿವಾರ ಬರ್ತೇನಿ ಅಂದಾವ ನಾಕು ಶನಿವಾರ ಕಳದೆ. ಸಿಟ್ಟಾಗಬ್ಯಾಡ ಅಂತ ಆಕಿಗಿ ಹೇಳ್ರಿ. ಈ ಮೋಶೆಗ ಹಲಗಿ ಹಾಸಲಿಕ್ಕೆ ಬರಂಗಿಲ್ಲ. (ಬರುತ್ತದೆ ಮಾಸ್ತರರೇ, ನಂಬಬೇಡಿರಿ. ಮೋಶೆ.) ಕುರ್ಚಿ ಮ್ಯಾಲ ಅರ್ಧ ತಾಸು ಕುಂತೆ, ಆಮ್ಯಾಲ ನೆಲದ ಮ್ಯಾಲೇ ಇಳದೆ. ನಾ ಪಟ್ಟಿ ನೇರ ಹಿಡೀತಿದ್ದೆ, ಇಂವ ಹೊಡೀತಿದ್ದ. ಪಟ್ಟಿ ಇಪ್ಪತ್ತನೇ ತಾರೀಖಿಗಿ ಊಟಕ್ಕ ಮೊದ್ಲೇ ಒಳಗ ಹೋತು. ಮನ್ಮಥಪ್ಪ ಬಂದು ಬಗ್ಗಿ ನೋಡಿದ್ರು, ಉಗುರಲೆ ಕೆರದು ನೋಡಿದ್ರು. ಫರ್ಸಿಯವಗ ಬ್ಯಾಡ ಅಂತ ಆಳು ಕಳಿಸಿದ್ರು.

ಮೂರು ಸಲ ಎಣ್ಣಿ ಕುಡಿಸಿ ಒಣಗಿದ ಮ್ಯಾಲ ನಾ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ನಡದೆ. ವಿಮಲಾಬಾಯಿ, ಆನಂದಮ್ಮ, ಶೇಠರು ಎಲ್ಲಾರೂ ಗೋಡಿಗಿ ಬೆನ್ನು ಹಚ್ಚಿ ನಿಂತಿದ್ರು. ಇಲ್ಲೇ ಜೋಡು ಅದ ಅಂತ ನಿಂತು ಕಣ್ಣು ತೆಗದೆ. ಜೋಡು ನಾಕು ಹೆಜ್ಜಿ ಹಿಂದ ಉಳದಿತ್ತು! ಈ ಮೋಶೆ ಎಂಥಾ ಕೂಗು ಹೊಡದ ಅಂದ್ರ ಓಣಿಯಾಗಿನ ನಾಯಿ ಎಲ್ಲಾ ಒದರಿದ್ವು. ನಾ ಅಲ್ಲೇ ಕುಂತು ಅತ್ತೆ. ಇದನ್ನ ಬರೀಬ್ಯಾಡ ಅಂದೆ. ಬರದಾನ.

ಬಸವ ಜಯಂತಿ ದಿನ ಸಾಲಿ ಶುರು ಆತು. ಅರವತ್ತು ಹುಡಿಗ್ಯಾರು! ಒಂದೇ ನೆಲದ ಮ್ಯಾಲ ಆ ಗೋಡಿಂದ ಈ ಗೋಡಿ ತನಕ ಕುಂತು 'ಅ, ಆ' ಅಂತ ಕೂಗಿದ್ರು. ಮನ್ಮಥಪ್ಪ ಈಗ ಪಶ್ಚಿಮದ ಖೋಲಿಗೂ ಹಲಗಿ ಹಾಸ್ರಿ ಅಂತ ಗಂಟು ಬಿದ್ದಾರ. ಆ ಕಡಿ ನಾಲಿಗಿ ಇದ್ದೇ ಅದ, ತಕರಾರಿಲ್ಲ. ದೀಪಾವಳಿ ತನಕ ಕೆಲಸ ಅದ. ಹಾಜಿರಾಬೀ ಇಲ್ಲಿಗೇ ಬರಲಿ. ಆನಂದಮ್ಮ ಒಂದು ಖೋಲಿ ಖಾಲಿ ಮಾಡ್ಯಾಳ, ಎರಡು ದಿನದಿಂದ ಸುಣ್ಣ ಬಳೀಲಿಕ್ಕತ್ತಾಳ.

ಇನ್ನೊಂದು ಮಾತದ ಮಾಸ್ತರ. ಸಾವಕಾಶ ಓದ್ರಿ.

ಹಾಜಿರಾ, ಬದ್ರೋದ್ದೀನನ ಸುದ್ದಿ ಮೋಶೆಗ ನಾನೇ ಹೇಳೀನಿ. ಹುಟ್ಟಿದ ದಿನದಿಂದ ಹೇಳೀನಿ. ಮೂರು ದಿನ ಹಿಡೀತು. ಅವನ ಹೆಸರು ನಾ ಬಾಯಿ ಬಿಟ್ಟು ಅಂದಿದ್ದು ಇದೇ ಮೊದಲು. ನೀನೂ ಇಷ್ಟು ದಿನ ಅಂದಿಲ್ಲ, ನನ್ನ ಸಲುವಾಗಿ. ಇಲ್ಲಿ ಬಂದು ಅನ್ನು.

ಅಟ್ಟದ ಮ್ಯಾಲ ತಟ್ಟಿನಾಗ ಸುತ್ತಿ ಅವನ ರಂದಾ ಇಟ್ಟೀನಿ. ನಿನಗ ಗೊತ್ತಿಲ್ಲ ಅಂತ ತಿಳ್ಕೊಂಡಿದ್ದೆ, ಆದ್ರ ಗೊತ್ತಿರಬೇಕು. ಅದನ್ನ ತಗೊಂಡು ಬಾ. ಅಲಗಿಗಿ ಜಂಗ ಹಿಡದಿರ್ತದ, ಹಂಗೇ ತಾ, ಇಲ್ಲಿ ಮಸೀತೇವಿ. ಪಶ್ಚಿಮದ ಖೋಲಿ ಹಲಗಿ ಅದರಲೇ ಹೊಡೀಬೇಕಂತ ಮಾಡೀವಿ. ಮುಂದ ಎರಡು ಬೆರಳಲೆ ನಾ ಹಿಡೀತೇನಿ, ಹಿಂದಿಂದ ಮೋಶೆ ನೂಕ್ತಾನ.

ಖಾಸಿಂ ಅಲಿ
ಮೋಶೆ